ಕ್ರಿಸ್‌ಮಸ್ ಕಾದಂಬರಿ ಓದಿ ಸಂಕ್ರಾಂತಿ ಕೆಡಿಸ್ಕೊಂಡಿದ್ದು

ಡಿಸೆಂಬರ್ ಬಂತು ಅಂದ್ರೆ ನಂಗೊಂದು ಚಟ, ಕ್ರಿಸ್‌ಮಸ್ ಟೈಮಲ್ಲಿ ನಡೆಯೋ ತಮಾಷೆ ಕಾದಂಬರಿ ಹುಡುಕಿ ಹುಡುಕಿ ಓದೋದು. ನಮ್ಮನೆಗೂ ಕ್ರಿಸ್‌ಮಸ್‌ಗೂ ಇರೋ ಸಂಬಂಧ ಬೇಕರಿ ಪ್ಲಮ್ ಕೇಕ್ ಅಷ್ಟೇ, ಅದೂ ಮೊಟ್ಟೆ ಹಾಕಿಲ್ಲ ತಾನೇ ಅಂತ ಅಮ್ಮ ನಾಲ್ಕು ಸಲ ಕೇಳಿದ್ಮೇಲೆ. ಆದ್ರೂ ರಗ್ಗು ಹೊದ್ಕೊಂಡು, ಎಲ್ಲೋ ಚಳಿದೇಶದಲ್ಲಿ ಯಾರೋ ಜಾರಿ ಬೀಳೋದನ್ನ ಓದೋ ಸುಖಾನೇ ಬೇರೆ.

ಕ್ರಿಸ್‌ಮಸ್ ಅಂದ್ರೆ ಎಲ್ರೂ ಇಂಗ್ಲಿಷ್ ಕಾದಂಬರಿಕಾರ ಡಿಕನ್ಸನ 'ಎ ಕ್ರಿಸ್‌ಮಸ್ ಕ್ಯಾರಲ್' ಕಥೆಯ ಜಿಪುಣ ಸ್ಕ್ರೂಜ್ ಹೆಸರು ಹೇಳ್ತಾರೆ, ನನ್ನ ಕೇಳಿದ್ರೆ 1836-37ರಲ್ಲಿ ಕಂತುಕಂತಾಗಿ ಬಂದ ಅವನದ್ದೇ 'ಪಿಕ್‌ವಿಕ್ ಪೇಪರ್ಸ್' ಅದಕ್ಕಿಂತ ಮೇಲು. ಹಬ್ಬಕ್ಕೆ ಹಳ್ಳಿಗೆ ಹೊರಟ ಪಿಕ್‌ವಿಕ್ ಸಾಹೇಬ್ರ ಲಗೇಜಲ್ಲಿ ಒಂದು ಭಾರಿ ಕಾಡ್ ಮೀನು, ಕುದುರೆ ಗಾಡಿಯ ಡಿಕ್ಕೀಲಿ ಅದು ಹಿಡಿಸ್ತಿಲ್ಲ, ಗಾರ್ಡು ತಲೆ ಕಡೆಯಿಂದ ತುರುಕ್ತಾನೆ, ಬಾಲದ ಕಡೆಯಿಂದ ತುರುಕ್ತಾನೆ, ಅಡ್ಡಡ್ಡ ತುರುಕ್ತಾನೆ, ಕೊನೆಗೆ ಮೀನು ಸರಕ್ ಅಂತ ಒಳಗೆ ಹೋಗುತ್ತೆ, ಅದ್ರ ಹಿಂದೇನೇ ಗಾರ್ಡಿನ ತಲೆ, ಭುಜಾನೂ! ಊರಿನ ಬಸ್ಸಿಗೆ ಹಲಸಿನ ಹಣ್ಣು ತುರುಕಿದೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಮುಂದೆ ಸಾಹೇಬ್ರು ಮಂಜುಗಡ್ಡೆ ಮೇಲೆ ಜಾರಾಟ ಆಡೋಕೆ ಹೋಗಿ ಗಡ್ಡೆ ಒಡೆದು ನೀರಿಗೆ ಬೀಳ್ತಾರೆ. ಆ ಪುಟ ಓದ್ತಾ ಒಲೆ ಮೇಲೆ ಹಾಲಿಟ್ಟಿದ್ದೆ ಅನ್ನೋದನ್ನ ಇಲ್ಲಿ ವಿವರಿಸಲ್ಲ.

ನನ್ನ ಹಾಳು ಮಾಡಿದ್ದು ಆ ಪುಸ್ತಕ ಅಲ್ಲ, 'ಸ್ಕಿಪ್ಪಿಂಗ್ ಕ್ರಿಸ್‌ಮಸ್'. ಕೋರ್ಟು-ಲಾಯರ್ ಥ್ರಿಲ್ಲರ್ ಬರೆಯೋ ಜಾನ್ ಗ್ರಿಶಮ್ 2001ರಲ್ಲಿ ಬರೆದಿದ್ದು. ಅದ್ರಲ್ಲಿ ಲೂಥರ್ ಅನ್ನೋ ಅಕೌಂಟೆಂಟು, ಹೋದ ವರ್ಷದ ಹಬ್ಬಕ್ಕೆ 6,100 ಡಾಲರ್ ಖರ್ಚಾಗಿದೆ ಅಂತ ಲೆಕ್ಕ ತೆಗೆದು, ಹೇಗೂ ಮಗಳು ಪೆರು ದೇಶಕ್ಕೆ ಹೋದ್ಲು, ಈ ಸಲ ಹಬ್ಬಾನೇ ಬೇಡ, ಗಂಡ ಹೆಂಡ್ತಿ ಹಡಗಲ್ಲಿ ಟೂರ್ ಹೋಗೋಣ ಅಂತಾನೆ. ಎಂಥಾ ಐಡಿಯಾ! ನಾನೂ ನೋಟ್‌ಬುಕ್ ತಗೊಂಡು ಕೊಬ್ಬರಿ, ಬೆಲ್ಲ, ಕಡ್ಲೆಬೀಜ, ಸಕ್ಕರೆ ಅಚ್ಚು, ಕಬ್ಬು ಅಂತೆಲ್ಲ ಕೂಡಿಸಿ, "ಈ ಸಲ ಸಂಕ್ರಾಂತಿಗೆ ಎಳ್ಳು ಬೀರೋದು ಬೇಡ" ಅಂತ ಘೋಷಣೆ ಮಾಡ್ದೆ. ಹೆಂಡ್ತಿ "ಸರಿ ಬಿಡಿ" ಅಂದ್ಲು. ಹದಿನಾಲ್ಕು ವರ್ಷ ಸಂಸಾರ ಮಾಡಿದೋನಿಗೆ ಆ "ಸರಿ ಬಿಡಿ" ಕೇಳಿದಾಗ್ಲೇ ಬುದ್ಧಿ ಬರ್ಬೇಕಿತ್ತು. ಪುಸ್ತಕ ಆಗಿನ್ನೂ ಅರ್ಧಾನೇ ಓದಿದ್ದೆ.

ಹಬ್ಬದ ದಿನ ಬೆಳಿಗ್ಗೆ ಅಕ್ಕನ ಫೋನು. "ಮಧ್ಯಾಹ್ನ ಎಲ್ರೂ ಬರ್ತಿದೀವಿ ಕಣೋ, ಪುಟ್ಟಂಗೆ ಎಲಚಿ ಹಣ್ಣು ಎರೆಯೋದು ನಿಮ್ಮನೇಲೇ." ಪುಸ್ತಕದ ಕೊನೇಲೂ ಹಿಂಗೇ ಅಂತೆ, ಮಗಳು ಹಬ್ಬದ ಹಿಂದಿನ ದಿನ ಫೋನ್ ಮಾಡಿ ಬರ್ತಿದೀನಿ ಅಂತಾಳೆ, ಲೂಥರ್ ಗಡಿಬಿಡೀಲಿ ಸೂರಿನ ಮೇಲೆ ಹಿಮಮಾನವನ ಬೊಂಬೆ ನಿಲ್ಸೋಕೆ ಹೋಗಿ ಹಗ್ಗಕ್ಕೆ ಸಿಕ್ಕೊಂಡು ತಲೆಕೆಳಗಾಗಿ ನೇತಾಡ್ತಾನೆ. ಅದನ್ನ ಓದಿದ್ದು ಆಮೇಲೆ. ನಾನು ಕೊಬ್ಬರಿ ಹೆಚ್ಚಿ ಹೆಚ್ಚಿ ಬೆರಳಲ್ಲಿ ಬೊಬ್ಬೆ ಬರಿಸ್ಕೊಂಡು, ಎಳ್ಳು ಹಾಕೋ ಡಬ್ಬಿಗಳು ಅಟ್ಟದ ಮೇಲಿವೆ ಅಂತ ನೆನಪಾಗಿ ಸ್ಟೂಲ್ ಹತ್ತಿದೆ. ಡಬ್ಬಿ ಕೈಗೆ ಸಿಕ್ತು, ಸ್ಟೂಲ್ ಕಾಲಿಂದ ಹೋಯ್ತು. ಒಂದು ಕೈಲಿ ಅಟ್ಟದ ಅಂಚು ಹಿಡ್ಕೊಂಡು, ಪಂಚೆ ಎಲ್ಲಿಗೋ ಹೊರಟಿದೆ, ಬಾಯಲ್ಲಿ ಬರಬಾರದ ಮಾತೆಲ್ಲ ಬರ್ತಿದೆ, ಅಷ್ಟೊತ್ತಿಗೆ ಬಾಗಿಲಲ್ಲಿ ರೇಷ್ಮೆ ಸೀರೆ ಉಟ್ಟು ಪಕ್ಕದ ಮನೆ ಆಂಟಿ.

ತಟ್ಟೆ ಮುಂದೆ ಚಾಚಿ, "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ" ಅಂದ್ರು.