ಚಂದ್ರಯಾನ, ವಯಾ ಆನೇಕಲ್

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಮೆತ್ತಗೆ ಕಾಲೂರಿತು. ಅದರ ಬಗ್ಗೆ ಮಕ್ಕಳಿಗೆ ತಿಳಿಹೇಳುವ ಪುಸ್ತಿಕೆಗಳು ನೆಲ ಮುಟ್ಟಲು ಇನ್ನೂ ಎಂಟು ವಾರ ಹಿಡಿಯಿತು. ಅಕ್ಟೋಬರ್ 17ರಂದು ದೆಹಲಿಯಲ್ಲಿ, ಶಾಲಾ ಪಠ್ಯಪುಸ್ತಕ ರೂಪಿಸುವ ಎನ್‌ಸಿಇಆರ್‌ಟಿಯ ಪುಸ್ತಿಕೆಗಳು ಬಿಡುಗಡೆಯಾದವು. ಶಿಕ್ಷಣ ಸಚಿವರಿದ್ದರು, ಇಸ್ರೊ ಅಧ್ಯಕ್ಷರೂ ಇದ್ದರು. ಇಳಿಯುವ ಜಾಗ ಮಾತ್ರ ಸ್ವಲ್ಪ ಆಚೀಚೆ ಆಯಿತು. ಚಂದ್ರನ ದಕ್ಷಿಣ ಧ್ರುವಕ್ಕೆಂದು ಟಿಕೆಟ್ ತೆಗೆಸಿದ ಓದುಗ ಪುಷ್ಪಕ ವಿಮಾನದ ಸ್ಟಾಪಿನಲ್ಲಿ ಇಳಿದ.

ಅದೇ ಪುಸ್ತಿಕೆಯಲ್ಲಿ ಅಲ್ಲಿಂದ ಮುಂದಿನ ಸ್ಟಾಪು ವೈಮಾನಿಕ ಶಾಸ್ತ್ರ ಎಂಬ ಸಂಸ್ಕೃತ ಗ್ರಂಥ. ಆ ಕಾಲದಲ್ಲೇ ನಮ್ಮವರಿಗೆ ಹಾರುವ ವಾಹನಗಳ ವಿದ್ಯೆ ಗೊತ್ತಿತ್ತಂತೆ, ಎಂಜಿನ್ನು, ಗೈರೊಸ್ಕೋಪು ಎಲ್ಲದರ ವಿವರ ಅದರಲ್ಲಿ ಇದೆಯಂತೆ. ವಿಜ್ಞಾನಿಗಳು ತಕರಾರು ತೆಗೆದರು. ಪುರಾಣ ಕಲ್ಪನೆ ಕೊಡುತ್ತದೆ, ಕಲ್ಪನೆಯಿಂದ ಸಂಶೋಧನೆ ಹುಟ್ಟುತ್ತದೆ ಎಂಬ ಧಾಟಿಯಲ್ಲಿ ಶಿಕ್ಷಣ ಸಚಿವಾಲಯ ಸಮಜಾಯಿಷಿ ಕೊಟ್ಟಿತು.

ನನ್ನ ತಕರಾರು ಬೇರೆ. ಇಷ್ಟೊಂದು ಹೊಗಳಿದ ಮೇಲೆ ಆನೇಕಲ್ಲಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಬೇಡವೇ? 'ಆ ಕಾಲ' ಅಂದರೆ ತ್ರೇತಾಯುಗ ಅಂದುಕೊಂಡಿರಾ? ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಈ ಶ್ಲೋಕಗಳನ್ನು ಭರದ್ವಾಜ ಮಹರ್ಷಿಗಳ ಹೆಸರಿನಲ್ಲಿ ಬಾಯಲ್ಲಿ ಹೇಳಿ ಬರೆಸಿದ್ದು 1918ರಿಂದ 1923ರ ನಡುವೆ. ಅಷ್ಟು ಹೊತ್ತಿಗೆ ರೈಟ್ ಸಹೋದರರು ಹಾರಿ 15 ವರ್ಷ, ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬಂದು 13 ವರ್ಷ. ಒಂದನೇ ಮಹಾಯುದ್ಧದಲ್ಲಿ ವಿಮಾನಗಳು ಬಾಂಬು ಹಾಕಿಯೂ ಆಗಿತ್ತು. ವಿಮಾನಗಳ ನಕ್ಷೆ ಬರೆದವರು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ಡ್ರಾಫ್ಟ್ಸ್‌ಮನ್ ಎಲ್ಲಪ್ಪ. ಇಂಗ್ಲಿಷ್ ಅನುವಾದ ಸಮೇತ 1973ರಲ್ಲಿ ಪ್ರಕಟಿಸಿದವರು ಮೈಸೂರಿನ ಜಿ.ಆರ್. ಜೋಸ್ಯರ್. ಹೇಳಿದ್ದು ಆನೇಕಲ್ಲು, ಗೆರೆ ಎಳೆದದ್ದು ಬೆಂಗಳೂರು, ಪುಸ್ತಕವಾದದ್ದು ಮೈಸೂರು. ಇಷ್ಟು ಅಪ್ಪಟ ಕರ್ನಾಟಕದ ಮಾಲನ್ನು ವೇದಕಾಲದ ಸರಕಿನ ಪಕ್ಕ ಜೋಡಿಸಿಟ್ಟರೂ ನಮ್ಮ ಕನ್ನಡ ಸಂಘಟನೆಗಳು ಒಂದು ಬಂದ್‌ಗೂ ಕರೆ ಕೊಡಲಿಲ್ಲ.

ಈ ದಾರಿಯಲ್ಲಿ ಇನ್ನೂ ಒಂದು ಸ್ಟಾಪಿದೆ, ಅಲ್ಲಿ ಮಾತ್ರ ಯಾವ ಪುಸ್ತಿಕೆಯೂ ನಿಲ್ಲುವುದಿಲ್ಲ. ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲಿ ಈ ಗ್ರಂಥವನ್ನು ಮುಂದಿಟ್ಟುಕೊಂಡು ಕೂತರು. ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ ಅಂಥವರು. ನಗೆಯಾಡಿ ಬದಿಗಿಡಬಹುದಿತ್ತು, ಇಡಲಿಲ್ಲ. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕೂ ವಿಮಾನಗಳ ಆಕಾರ, ಸಾಮಗ್ರಿ ಎಲ್ಲವನ್ನೂ ಲೆಕ್ಕಕ್ಕೆ ಹಚ್ಚಿ ನೋಡಿದರು. ಯಾವುದೂ ಹಾರುವುದಿಲ್ಲ, ಸಂಸ್ಕೃತವೂ ಇತ್ತೀಚಿನದು, ಗ್ರಂಥ 1904ಕ್ಕಿಂತ ಹಿಂದಿನದಲ್ಲ ಎಂದು ಬರೆದರು. ಆ ಕ್ಯಾಂಪಸ್ಸಿನಿಂದ ಇಸ್ರೊದ ಅಂತರಿಕ್ಷ ಭವನಕ್ಕೆ ಆಟೊ ಹಿಡಿದರೆ ಮಿನಿಮಮ್ ಚಾರ್ಜಿಗಿಂತ ಒಂದಿಷ್ಟು ಹೆಚ್ಚಾಗಬಹುದು, ಅಷ್ಟೇ. ದೆಹಲಿಯಿಂದ ದೂರ ಜಾಸ್ತಿ ಅನ್ನಿ.

ಹೋಗಲಿ. ನಾಳೆ ನಮ್ಮಲ್ಲೇ, ಜನರ ಮನವೊಲಿಸುವ ಬಾಹ್ಯಾಕಾಶ ಪುಸ್ತಿಕೆಯೊಂದನ್ನು ಕನ್ನಡದಲ್ಲಿ ತರಲು ಸಮಿತಿ ರಚನೆಯಾದರೆ ಏನಾಗುತ್ತದೆ? ಸಭಾ ನಡಾವಳಿಯನ್ನು ಈಗಲೇ ಬರೆದುಕೊಡಬಲ್ಲೆ. ಮೊದಲ ಆರು ಪುಟ ಶುಭ ಸಂದೇಶಗಳಿಗೆ ಮೀಸಲು. ಯಾರ ಫೋಟೊ ಯಾರದಕ್ಕಿಂತ ದೊಡ್ಡದಿರಬೇಕು ಎಂಬುದಕ್ಕೆ ಎರಡು ಸಭೆ. ಜಾಗ ಸಾಲದೆ ರಾಕೆಟ್ಟನ್ನು ಅಡ್ಡ ಮಲಗಿಸಲಾಗುವುದು. ನುಡಿ ತಂತ್ರಾಂಶದಲ್ಲಿ ಟೈಪಿಸಿದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಒಂದಷ್ಟು ಒತ್ತಕ್ಷರಗಳು ಕಕ್ಷೆ ಬಿಟ್ಟು ಹೋಗುವವು. ಅವನ್ನು ಹುಡುಕುವವರಿಲ್ಲ.

ಆಮೇಲೆ ವಿಷಯ. ಪಾಪ, ಯಾರೋ ಕಿರಿಯ ವಿಜ್ಞಾನಿ ಬಂದು ಕೂತಿರುತ್ತಾಳೆ.

"ಸರ್, ಚಂದ್ರಯಾನ-2 ಯಾಕೆ ಬಿತ್ತು ಅನ್ನೋದರಿಂದ ಶುರು ಮಾಡೋಣ. 2019ರ ಸೆಪ್ಟೆಂಬರ್ 7. ಐದು ಎಂಜಿನ್‌ಗಳು ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ತಳ್ಳಿದ್ವು. ತಪ್ಪು ಕೂಡ್ತಾ ಹೋಯ್ತು, ಸರಿಮಾಡಿಕೊಳ್ಳೋಕೆ ಅದು ಬೇಗ ಬೇಗ ತಿರುಗಬೇಕಾಯ್ತು. ಇಳಿಯೋಕೆ ಕೊಟ್ಟಿದ್ದ ಜಾಗ ಬರೀ 500 ಮೀಟರ್ ಉದ್ದಗಲ. ಈ ಸಲ ಸುಮಾರು 4 ಕಿಲೊಮೀಟರ್ ಉದ್ದ, ಎರಡೂವರೆ ಅಗಲ ಕೊಟ್ವಿ. ಕಾಲು ಗಟ್ಟಿ ಮಾಡಿದ್ವಿ. ನಡುವಿನ ಎಂಜಿನ್ ತೆಗೆದು ನಾಲ್ಕಕ್ಕೆ ಇಳಿಸಿದ್ವಿ. ಎಲ್ಲೆಲ್ಲಿ ಕೆಡಬಹುದು ಅಂತ ಪಟ್ಟಿ ಮಾಡಿಯೇ ಡಿಸೈನ್ ಮಾಡಿದ್ದು, ಸರ್."

"ನೋಡಮ್ಮಾ, 'ಬಿತ್ತು' ಅನ್ನೋದು ಬೇಡ. ಐದು ಇದ್ದದ್ದು ನಾಲ್ಕಾಯ್ತು ಅಂತ ಅಚ್ಚಾದರೆ ಆಡಿಟ್‌ನವರು ಐದನೇದು ಎಲ್ಲಿ ಹೋಯ್ತು ಅಂತ ಕೇಳ್ತಾರೆ."

ಅವಳು ಪುಟ ತಿರುವುತ್ತಾಳೆ. ಚಳ್ಳಕೆರೆ ಹತ್ತಿರ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳಂತೆಯೇ ನೆಲ ತೋಡಿ ಲ್ಯಾಂಡರಿನ ಸೆನ್ಸರುಗಳನ್ನು ಪರೀಕ್ಷಿಸಿದ್ದು. ತಮಿಳುನಾಡಿನ ಸಿತ್ತಂಪುಂಡಿಯ ಕಲ್ಲು ತರಿಸಿ, ಪುಡಿಮಾಡಿ, ಬೆಂಗಳೂರಿನಲ್ಲಿ ಚಂದ್ರನ ಮಣ್ಣು ಹಾಸಿದ್ದು. ಒಬ್ಬ ಸದಸ್ಯರಿಗೆ ಅನುಮಾನ: ಗುಂಡಿ ತೋಡಲು ಬೆಂಗಳೂರು ಬಿಟ್ಟು ಚಳ್ಳಕೆರೆಗೆ ಹೋದದ್ದು ಯಾಕೆ? (ಪ್ರಶ್ನೆ ತಪ್ಪಲ್ಲ. 2019ರಲ್ಲಿ ಚಂದ್ರಯಾನ-2 ಇಳಿಯುವ ಕೆಲವೇ ದಿನ ಮೊದಲು ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ರಸ್ತೆಗುಂಡಿಗಳ ನಡುವೆ ಗಗನಯಾತ್ರಿಯ ವೇಷ ಹಾಕಿಸಿ ಒಬ್ಬರನ್ನು ನಡೆಸಿದ ವಿಡಿಯೊ ಲೋಕವೆಲ್ಲ ಸುತ್ತಿತು. ಸಮಿತಿ ಇಲ್ಲ, ಸಂದೇಶ ಪುಟ ಇಲ್ಲ, ಗುಂಡಿ ಮಾತ್ರ ಸರ್ಕಾರದ್ದು.)

ಕೊನೆಗೆ ಅವಳು ತೆಗೆಯುವುದು ಒಂದು ಹಳೆಯ ಫೋಟೊ. ಇಸ್ರೊದ 1981ರ ಆ್ಯಪಲ್ ಉಪಗ್ರಹ, ಎತ್ತಿನ ಗಾಡಿಯ ಮೇಲೆ. ಗಾಡಿಯಲ್ಲಿ ಉಪಗ್ರಹ ನೆಟ್ಟಗೆ ಕೂತಿದೆ, ಎತ್ತುಗಳು ತಮಗೇನೂ ಸಂಬಂಧವಿಲ್ಲ ಎಂಬಂತೆ ನಿಂತಿವೆ.

"ಅಯ್ಯೋ, ಇದು ಬೇಡವೇ ಬೇಡ. ಬಡತನ ಕಾಣುತ್ತೆ."

"ಬಡತನ ಅಲ್ಲ ಸರ್. ಆ್ಯಂಟೆನಾ ಪರೀಕ್ಷೆಗೆ ಬಯಲಿಗೆ ತರಬೇಕಿತ್ತು. ಸುತ್ತ ಲೋಹ ಇದ್ದರೆ ಸಿಗ್ನಲ್ ಕೆಡುತ್ತೆ. ಮರದ ಗಾಡಿ ಅಂತ ಬೇಕೂಂತಲೇ ಆರಿಸಿದ್ದು. ಅದು ಎಂಜಿನಿಯರಿಂಗ್."

ಸಮಿತಿ ಮೌನವಾಗುತ್ತದೆ, ಅರ್ಥವಾಗಿ ಅಲ್ಲ, ಕಾಫಿ ಬಂದಿರುತ್ತದೆ. ದೆಹಲಿಯ ಪುಸ್ತಿಕೆಯಲ್ಲಿ ದೇವತೆಗಳ ರಥ ಎಳೆದದ್ದು ಪ್ರಾಣಿಗಳೇ, ಆ ರಥಗಳು ಹಾರುತ್ತಲೂ ಇದ್ದವು ಎಂದು ಇನ್ನೊಬ್ಬ ಸದಸ್ಯರಿಗೆ ಆಗ ನೆನಪಾಗುತ್ತದೆ. ಮೇಲಿನವರ ದಾಖಲೆಯಲ್ಲಿ ಇದ್ದದ್ದನ್ನು ನಾವು ಬಿಟ್ಟರೆ ನಾಳೆ ನೋಟಿಸ್ ಬರಬಹುದು. ಹಾಗಾಗಿ ಎತ್ತಿನ ಗಾಡಿ ಸರ್ವಾನುಮತದಿಂದ ಅಂಗೀಕಾರ. ಮರದ ಗಾಡಿ, ಸಿಗ್ನಲ್ಲು ಎಂಬ ಅಡಿಬರಹಕ್ಕೆ ಕತ್ತರಿ.

ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಕೂತ ಡಿಟಿಪಿ ಹುಡುಗ ತಲೆಯೆತ್ತುತ್ತಾನೆ. "ಸಾರ್, ಹಾಗಾದ್ರೆ ಎತ್ತಿಗೆ ರೆಕ್ಕೆ ಹಾಕಲಾ?"

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, ಸ್ಕ್ರೀನನ್ನು ಹತ್ತಿರದಿಂದ ನೋಡಿ ಹೇಳುತ್ತಾರೆ: "ಎರಡಕ್ಕೂ ಹಾಕಪ್ಪಾ. ಒಂದಕ್ಕೇ ಹಾಕಿದರೆ ಗಾಡಿ ವಾಲುತ್ತೆ."