ಬಾಯಿ ಆಡಿಸುವ ವಿದ್ಯೆ

ನಮ್ಮ ಶಾಲೆಗಳಲ್ಲಿ ಸಮೂಹ ಗಾಯನ ನಡೆಸುವವರು ಯಾರು ಎಂದು ಕೇಳಿದರೆ ‘ಸಂಗೀತದ ಮೇಡಂ’ ಎನ್ನುವವರು ವಾರ್ಷಿಕೋತ್ಸವವನ್ನು ಸರಿಯಾಗಿ ನೋಡಿಲ್ಲ. ನಡೆಸುವವನು ಮೈಕ್‌ಸೆಟ್ಟಿನ ಹುಡುಗ. ನಂಬಿಕೆ ಬರದಿದ್ದರೆ ಸ್ವಾಗತ ಗೀತೆ ಎರಡನೇ ಚರಣಕ್ಕೆ ಬಂದಾಗ ಕರೆಂಟು ಹೋಗುವುದನ್ನು ಕಾಯಿರಿ, ಬಹಳ ಹೊತ್ತು ಕಾಯಬೇಕಾಗಿಲ್ಲ. ಪೆನ್‌ಡ್ರೈವ್ ಸುಮ್ಮನಾದ ಕ್ಷಣವೇ ನಲವತ್ತು ಮಕ್ಕಳೂ ಅಕ್ಷರದ ಅರ್ಧದಲ್ಲಿ ನಿಲ್ಲುತ್ತಾರೆ. ನಲವತ್ತು ತಲೆಗಳೂ ಒಂದೇ ಮಾತ್ರೆಯಲ್ಲಿ ಜನರೇಟರ್ ಕಡೆಗೆ ತಿರುಗುತ್ತವೆ. ಆ ಸಂಜೆ ಅವರೆಲ್ಲ ನಿಜವಾಗಿ ಕೂಡಿ ಮಾಡಿದ ಕೆಲಸ ಅದೊಂದೇ, ಲಯ ಒಂದಿಷ್ಟೂ ತಪ್ಪಿರುವುದಿಲ್ಲ.

ಇದು ಸುಮ್ಮನೆ ಬಂದ ಸಾಧನೆಯಲ್ಲ. ನಲವತ್ತು ಜೊತೆ ಕಿವಿಗಳು ಒಂದು ವರ್ಷ ಶಾಲೆಯಲ್ಲಿದ್ದೂ ಪಕ್ಕದವರ ಧ್ವನಿ ಕೇಳಿಸಿಕೊಳ್ಳದಂತೆ ನೋಡಿಕೊಳ್ಳುವುದಕ್ಕೆ ಒಂದು ಕ್ರಮ ಬೇಕು, ಅದು ನಮ್ಮಲ್ಲಿದೆ.

ಮೊದಲಿಗೆ ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಆದ ಹಿನ್ನೆಲೆ ಸಂಗೀತ. ಹಾಡನ್ನು ಆಡಳಿತ ಮಂಡಳಿಯ ಅಧ್ಯಕ್ಷರು ಆರಿಸಿರುತ್ತಾರೆ, ಟ್ರ್ಯಾಕನ್ನು ಯೂಟ್ಯೂಬ್ ಕೊಡುತ್ತದೆ. ಅದು ಯಾರೋ ದೊಡ್ಡವರ ಗಂಟಲಿಗೆ ಹೊಂದಿಸಿದ ಶ್ರುತಿ. ಐದನೇ ತರಗತಿಯ ಮಕ್ಕಳಿಗೆ ಹಿತವಾಗಿ ಒದಗುವುದು ಹೆಚ್ಚುಕಡಿಮೆ ಒಂದು ಸ್ಥಾಯಿ, ಅಂದರೆ ಹಾರ್ಮೋನಿಯಂನ ನಡುವಿನ ಮೊದಲ ಬಿಳಿ ಮನೆಯಿಂದ ಮೇಲಿನ ಎರಡನೇ ಬಿಳಿ ಮನೆಯ ತನಕ. ಪಲ್ಲವಿ ಮಂದ್ರ ಪಂಚಮಕ್ಕೆ, ಅಂದರೆ ಕೆಳಗಿನ ‘ಪ’ಕ್ಕೆ, ಇಳಿದರೆ ಧ್ವನಿ ಹೊಟ್ಟೆಯೊಳಗೇ ಉಳಿಯುತ್ತದೆ, ಚರಣ ತಾರ ಪಂಚಮಕ್ಕೆ ಹತ್ತಿದರೆ ಕಿರುಚಾಟವಾಗುತ್ತದೆ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇದೆ, ಶ್ರುತಿ ಬದಲಿಸುವ ಆ್ಯಪ್ ಫೋನಿನಲ್ಲೂ ಸಿಗುತ್ತದೆ. ಆದರೆ ಎರಡು ಮೂರು ಮನೆ, ಅಂದರೆ ಸ್ವರದ ಮೆಟ್ಟಿಲು, ಇಳಿಸಿದರೆ ಚರಣ ಬದುಕಿ ಪಲ್ಲವಿ ಮುಳುಗುತ್ತದೆ. ಎರಡೂ ಉಳಿಯಬೇಕೆಂದರೆ ಒಂದು ಸ್ಥಾಯಿಯೊಳಗೆ ಓಡಾಡುವ ಬೇರೆ ಹಾಡು ಹುಡುಕಬೇಕು. ಅಧ್ಯಕ್ಷರ ಮುಂದೆ ಹೋಗಿ ಇದನ್ನು ಹೇಳುವುದಕ್ಕಿಂತ ಮಕ್ಕಳು ಕಿರುಚುವುದೇ ಸುಲಭ.

ಎರಡನೆಯದು, ಶ್ರುತಿಗೆ ಸೇರದ ಮಗುವಿನ ವಿಲೇವಾರಿ. ಪ್ರತಿ ತಂಡದಲ್ಲೂ ಇಂಥ ನಾಲ್ಕೈದು ಮಕ್ಕಳಿರುತ್ತಾರೆ. ಇವರಿಗೆ ‘ಕಿವಿ ಇಲ್ಲ’ ಎಂಬ ತೀರ್ಪು ಮೊದಲ ದಿನವೇ ಬರುತ್ತದೆ, ಹಿಂದೆಯೇ ‘ನೀನು ಸುಮ್ಮನೆ ಬಾಯಿ ಆಡಿಸು ಪುಟ್ಟಾ’ ಎಂಬ ಮಮತೆಯ ಆದೇಶ. ಇವರಲ್ಲಿ ಹೆಚ್ಚಿನವರು ಮಾತಿನ ಧ್ವನಿಯಲ್ಲೇ ಹಾಡುತ್ತಿರುತ್ತಾರೆ, ಹಾಗಾಗಿ ನಾಲ್ಕೈದು ಸ್ವರ ಕೆಳಗೆ ಉಳಿದಿರುತ್ತಾರೆ, ಅಷ್ಟೆ. ಮಗುವನ್ನು ನಿಮ್ಮ ಷಡ್ಜಕ್ಕೆ, ಅಂದರೆ ‘ಸ’ಕ್ಕೆ, ಎಳೆಯುವ ಬದಲು ನೀವೇ ಮಗು ಹಿಡಿದ ಸ್ವರಕ್ಕೆ ಹೋಗಿ ‘ಆ’ ಎನ್ನಬೇಕು. ಎರಡು ಧ್ವನಿ ಸೇರಿದಾಗ ಹೇಗೆ ಕೇಳಿಸುತ್ತದೆ ಎಂಬುದು ಮಗುವಿಗೆ ಆಗ ಮೊದಲ ಸಲ ಗೊತ್ತಾಗುತ್ತದೆ. ಅಲ್ಲಿಂದ ಅರ್ಧರ್ಧ ಮನೆ ಮೇಲೆ ಜಾರಿಸುತ್ತಾ ಬರಬೇಕು. ದಿನಕ್ಕೆ ಐದು ನಿಮಿಷದಂತೆ ಕೆಲವು ವಾರ ಹಿಡಿಯಬಹುದು. ಎಂಟನೇ ತರಗತಿಯ ಹುಡುಗನ ಕಥೆ ಬೇರೆ, ಅವನದು ಒಡೆಯುತ್ತಿರುವ ಗಂಟಲು. ಅವನಿಗೆ ಕೆಳಗಿನ ನಾಲ್ಕೈದು ಸ್ವರಗಳ ಒಂದು ಆಧಾರ ಸಾಲು ಕೊಟ್ಟರೆ ಸಾಕು. ನಾವು ಅವನಿಗೆ ಕುರ್ಚಿ ಹಾಕುವ ಜವಾಬ್ದಾರಿ ಕೊಡುತ್ತೇವೆ.

ಬಾಯಿ ಆಡಿಸಲು ಕಲಿತ ಮಗುವಿಗೆ ನಷ್ಟವಾಯಿತು ಎನ್ನುವಂತೆಯೂ ಇಲ್ಲ. ಮುಂದೆ ಪ್ರತಿಜ್ಞಾವಿಧಿಗಳಲ್ಲಿ, ಸಭೆಯ ಒಮ್ಮತದ ನಿರ್ಣಯಗಳಲ್ಲಿ ಈ ತರಬೇತಿ ಬಹಳ ಕೆಲಸಕ್ಕೆ ಬರುತ್ತದೆ.

ಮೂರನೆಯದು ಹಾರ್ಮೋನಿಯಂ. ಮೇಡಂ ಪ್ರತಿ ಸ್ವರವನ್ನೂ ಒತ್ತುತ್ತಾರೆ, ಜೊತೆಗೆ ತಾವೂ ಗಟ್ಟಿಯಾಗಿ ಹಾಡುತ್ತಾರೆ. ಕೇಳಲು ಹಾಡು ಸರಿಯಾಗಿಯೇ ಇರುತ್ತದೆ, ಏಕೆಂದರೆ ಕೇಳಿಸುತ್ತಿರುವುದು ಹಾರ್ಮೋನಿಯಂ ಮತ್ತು ಮೇಡಂ. ಒಮ್ಮೆ ಷಡ್ಜ ಕೊಟ್ಟು ಪೆಟ್ಟಿಗೆ ಮುಚ್ಚಿ, ಎರಡು ಚರಣ ಹಾಡಿಸಿ, ಕೊನೆಯಲ್ಲಿ ಮತ್ತೆ ಷಡ್ಜ ಒತ್ತಿ ನೋಡಬೇಕು. ತಂಡ ಅರ್ಧ ಮನೆ, ಕೆಲವೊಮ್ಮೆ ಒಂದಿಡೀ ಮನೆ ಕೆಳಗೆ ಬಂದು ಕೂತಿರುತ್ತದೆ. ಉಸಿರು ಸಾಲದೆ ಸಾಲಿನ ಕೊನೆ ಜೋಲುತ್ತದೆ. ಇಳಿಯುವ ಸ್ವರಗಳನ್ನು ಮಕ್ಕಳು ಬೇಕಾದ್ದಕ್ಕಿಂತ ಹೆಚ್ಚು ಇಳಿಸುತ್ತಾರೆ, ಮತ್ತೆ ಹತ್ತುವಾಗ ಅಷ್ಟು ಹತ್ತುವುದಿಲ್ಲ. ಇದು ಗೊತ್ತಾದರೆ ಸರಿಪಡಿಸುವ ಕೆಲಸ ಮೈಮೇಲೆ ಬರುತ್ತದೆ. ಆದ್ದರಿಂದ ಪೆಟ್ಟಿಗೆ ಮುಚ್ಚುವ ಪ್ರಯೋಗವನ್ನು ಯಾರೂ ಮಾಡುವುದಿಲ್ಲ.

ಬೆಳಗಿನ ಅಸೆಂಬ್ಲಿಯ ಬಗ್ಗೆಯೂ ಎರಡು ಮಾತು. ರಾಷ್ಟ್ರಗೀತೆಗೆ 52 ಸೆಕೆಂಡು ಎಂದಿದೆ. ನಾಡಗೀತೆಗೆ ಸರ್ಕಾರ 2022ರಲ್ಲಿ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ಗೊತ್ತು ಮಾಡಿತು. ಶ್ರುತಿಯನ್ನು ಗೊತ್ತು ಮಾಡುವುದು ಮಾತ್ರ ಮೊದಲು ಬಾಯಿ ತೆರೆದ ಮಗು. ಆ ಮಗು ಉತ್ಸಾಹದಲ್ಲಿ ಮೇಲೆ ಎತ್ತಿಕೊಂಡಿತೆಂದರೆ ಕೊನೆಯ ಸಾಲಿನ ಮೊದಲ ‘ಜಯ ಹೇ’ ತಾರ ಷಡ್ಜ ಮುಟ್ಟುವಾಗ ಅರ್ಧ ಶಾಲೆ ಮೌನ, ಉಳಿದರ್ಧ ಆರ್ತನಾದ. ಪರಿಹಾರಕ್ಕೆ ಬಿಡಿಗಾಸೂ ಖರ್ಚಿಲ್ಲ. ಹಾಡು ಎತ್ತುವ ಮಗು ಮೊದಲು ಆ ಎತ್ತರದ ‘ಜಯ ಹೇ’ಯನ್ನು ಬಾಯಿ ಮುಚ್ಚಿ ಗುನುಗಿ, ಗಂಟಲಿಗೆ ಆರಾಮ ಎನಿಸಿದ ಮೇಲೆ ಅಲ್ಲಿಂದ ಕೆಳಗಿಳಿದು ಷಡ್ಜ ಹಿಡಿಯಬೇಕು. ಹತ್ತು ಸೆಕೆಂಡಿನ ಕೆಲಸ. ವಾರಕ್ಕೊಬ್ಬರಂತೆ ಈ ಕೆಲಸವನ್ನು ಹಂಚಿದರೆ ವರ್ಷ ಮುಗಿಯುವಾಗ ತನ್ನ ಗಂಟಲು ಎಲ್ಲಿಂದ ಎಲ್ಲಿಗೆ ಎಂದು ಗೊತ್ತಿರುವ ಮೂವತ್ತು ಮಕ್ಕಳು ತಯಾರಾಗುತ್ತಾರೆ. ಈ ಅಪಾಯವನ್ನು ಮನಗಂಡೇ ಹಲವು ಶಾಲೆಗಳು ಗೀತೆಗಳನ್ನು ಸ್ಪೀಕರ್‌ನಲ್ಲಿ ಹಾಕಿ ಮಕ್ಕಳನ್ನು ಸುಮ್ಮನೆ ನಿಲ್ಲಿಸುತ್ತವೆ.

ಇಷ್ಟೆಲ್ಲ ಭದ್ರತೆಯ ನಡುವೆಯೂ ಅಲ್ಲೊಬ್ಬರು ಇಲ್ಲೊಬ್ಬರು ಶಿಸ್ತು ಕೆಡಿಸುವ ಮೇಷ್ಟ್ರು ಇರುತ್ತಾರೆ. ಅವರು ಮಕ್ಕಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸುವ ಬದಲು ದುಂಡಗೆ ನಿಲ್ಲಿಸುತ್ತಾರೆ. ಫೋನಿನ ತಂಬೂರಿಯಲ್ಲಿ ಸ–ಪ ಮಾತ್ರ ನುಡಿಯಲು ಬಿಟ್ಟು ತಾವು ಕೈಕಟ್ಟಿ ಕೂರುತ್ತಾರೆ. ಹಾಡಿನ ಹಾಳೆ, ಪೆನ್ಸಿಲ್ ಕೊಟ್ಟು ‘ಎಲ್ಲೆಲ್ಲಿ ಉಸಿರು ಎಳೆಯುತ್ತೀರೋ ನೀವೇ ಗೆರೆ ಹಾಕಿ’ ಎನ್ನುತ್ತಾರೆ. ಮಕ್ಕಳು ಜಗಳವಾಡುತ್ತಾರೆ. ‘ತಾಯಿ’ ಎಂಬ ಪದವನ್ನು ‘ತಾ’ ಎಂದು ಉಸಿರೆಳೆದು ಆಮೇಲೆ ‘ಯಿ’ ಎಂದರೆ ತಾಯಿ ತುಂಡಾಗುತ್ತಾಳೆ ಎಂದು ಆರನೇ ತರಗತಿಯ ಹುಡುಗಿಯೊಬ್ಬಳು ವಾದ ಮಾಡಿ ಗೆಲ್ಲುತ್ತಾಳೆ. ಉದ್ದದ ಸ್ವರ ಬಂದಲ್ಲಿ ಅಕ್ಕಪಕ್ಕದವರು ಬೇರೆ ಬೇರೆ ಹೊತ್ತಿಗೆ ಉಸಿರೆಳೆದರೆ ದನಿ ಕಡಿಯುವುದಿಲ್ಲ ಎಂಬುದನ್ನೂ ಅವರೇ ಕಂಡುಕೊಳ್ಳುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿ, ‘ಚೆನ್ನಾಗಿತ್ತಾ’ ಎಂದು ಕೇಳುವುದಿಲ್ಲ, ಏಕೆಂದರೆ ಅದಕ್ಕೆ ‘ಹೌದು ಸಾರ್’ ಎಂಬ ಒಂದೇ ಉತ್ತರ. ‘ಎಲ್ಲಿ ತಾಳ ಬಿಟ್ಟು ಓಡಿದಿರಿ?’ ಎಂದು ಕೇಳುತ್ತಾರೆ. ಎರಡನೇ ಚರಣದಲ್ಲಿ ಓಡಿದೆವು, ಚಪ್ಪಾಳೆ ಹಾಕಿದ ಕಡೆ ಓಡಿದೆವು ಎಂದು ಮಕ್ಕಳು ಹೇಳುತ್ತಾರೆ. ಹಾಗಾದರೆ ಏನು ಮಾಡೋಣ ಎಂದರೆ ಚಪ್ಪಾಳೆ ಬೇಡ, ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕೋಣ ಎನ್ನುತ್ತಾರೆ. ಇಷ್ಟಾಗುವಾಗ ಪೀರಿಯಡ್ ಮುಗಿದಿರುತ್ತದೆ, ಹಾಡು ನಾಲ್ಕು ಸಾಲು ಮಾತ್ರ ಆಗಿರುತ್ತದೆ. ಕಿಟಕಿಯಲ್ಲಿ ಇಣುಕಿದ ಮುಖ್ಯೋಪಾಧ್ಯಾಯರಿಗೆ ಕಾಣುವುದು ಗಲಾಟೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆ ಇರಬಾರದು ಎನ್ನುತ್ತದೆ. ಗೋಡೆಯನ್ನು ನಾವು ಕೆಡವಿಯೂ ಆಗಿದೆ, ಸಂಗೀತದ ಪೀರಿಯಡ್ಡನ್ನು ಗಣಿತ ತೆಗೆದುಕೊಂಡಿದೆ.

ಮೊನ್ನೆ ಮೊನ್ನೆ ಇಂಥ ಮೇಷ್ಟ್ರೊಬ್ಬರು ವಾರ್ಷಿಕೋತ್ಸವದಲ್ಲಿ ಒಂದೇ ಒಂದು ಹಾಡನ್ನು ಟ್ರ್ಯಾಕ್ ಇಲ್ಲದೆ ಹಾಡಿಸಲು ಅನುಮತಿ ಕೇಳಿದರೆಂದು ಇಟ್ಟುಕೊಳ್ಳಿ. ಶ್ರುತಿ ಹಿಡಿಯುವುದು, ಹಾಡು ಎತ್ತುವುದು, ನಿಲ್ಲಿಸುವುದು ಎಲ್ಲ ಮಕ್ಕಳೇ, ತಾನು ವೇದಿಕೆ ಹತ್ತುವುದಿಲ್ಲ. ಆಡಳಿತ ಮಂಡಳಿ ಉದಾರವಾಗಿಯೇ ಚರ್ಚಿಸುತ್ತದೆ. ಮಕ್ಕಳು ತಪ್ಪಿದರೆ ಶಾಲೆಯ ಮಾನ ಏನಾಗಬೇಕು ಎಂದು ಒಬ್ಬರು, ಜರಿಪೇಟ ಬಾಡಿಗೆಗೆ ಹೇಳಿ ಆಗಿದೆ, ಅದನ್ನು ಯಾರಿಗೆ ತೊಡಿಸುವುದು ಎಂದು ಇನ್ನೊಬ್ಬರು. ಕೊನೆಗೆ ಅನುಮತಿ ಸಿಗುತ್ತದೆ: ವಂದನಾರ್ಪಣೆ ಮುಗಿದು, ಊಟಕ್ಕೆ ಏಳಬಹುದು ಎಂದು ಮೈಕಿನಲ್ಲಿ ಹೇಳಿದ ಮೇಲೆ.