ಗುಡುಗು ಬಂದರೆ ಎಷ್ಟು ಪ್ಲಗ್ ಕೀಳಬೇಕು?

ಮಲೆನಾಡಿನಲ್ಲಿ ಕೂತು ಮ್ಯೂಸಿಕ್ ಸಿಸ್ಟಮ್ ಹೋಲಿಸಲು ಹೊರಟವರು ಮೊದಲು ಕ್ಯಾಲೆಂಡರ್ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಸ್ಪೀಕರ್ ಒಳ್ಳೆಯದು ಎಂದು ತೀರ್ಮಾನ ಮಾಡುವ ಹಾಗೇ ಇಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿದರೆ ಹೆಂಚಿನ ಮಾಡಿನ ಕೆಳಗೆ ಎದುರು ಕೂತವರ ಮಾತೇ ಕೇಳುವುದಿಲ್ಲ. ಅಂಗಳಕ್ಕೆ ತಗಡಿನ ಶೀಟ್ ಹಾಕಿಸಿದ ಮನೆಯಾದರಂತೂ ಮುಗಿಯಿತು. ಸಿ.ಡಿ.ಯಲ್ಲಿ ಅತಿ ಸಣ್ಣ ಸದ್ದಿಗೂ ಅತಿ ದೊಡ್ಡ ಸದ್ದಿಗೂ ನಡುವೆ 96 ಡೆಸಿಬೆಲ್ ಅಂತರ ಹಿಡಿಸುತ್ತದೆ ಎನ್ನುತ್ತಾರೆ. ಲೆಕ್ಕ ಸರಿಯೇ. ಆದರೆ ಆಷಾಢದಲ್ಲಿ ಆ ಸಣ್ಣ ಸದ್ದಿನ ಪಾಲನ್ನೆಲ್ಲ ಮಳೆ ನುಂಗುತ್ತದೆ. ತಂಬೂರಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ತಬಲಾದವರು ಕೈ ಎತ್ತಿ ಹೊಡೆದರೆ ಮಾತ್ರ ಅವರೂ ಬಂದಿದ್ದಾರೆ ಎಂದು ತಿಳಿಯುತ್ತದೆ.

ಊರಿಗೆ ಫೈಬರ್ ಬಂದ ಮೇಲೆ ಈ ಹುಚ್ಚು ಶುರುವಾಯಿತು. ಅದಕ್ಕೆ ಮೊದಲು ಹಾಡು ಅಂದರೆ ಪೆನ್‌ಡ್ರೈವ್. ಶಿವಮೊಗ್ಗಕ್ಕೆ ಹೋದವರು ತುಂಬಿಸಿಕೊಂಡು ಬರುತ್ತಿದ್ದರು. ಈಗ ಕರೆಂಟ್ ಕಂಬದ ಮೇಲೆಯೇ ಒಂದು ಕಪ್ಪು ವೈರ್ ಬಂದು, ತೋಟ ದಾಟಿ, ಜಗಲಿಯ ಮೂಲೆ ಸೇರಿದೆ. ಜಗತ್ತಿನ ಹಾಡೆಲ್ಲ ಆ ವೈರಿನ ತುದಿಯಲ್ಲಿದೆ. ಅದನ್ನು ಅಲ್ಲಿಂದ ಅಡುಗೆಮನೆಗೆ ಮುಟ್ಟಿಸುವುದೇ ಕಷ್ಟ.

ಬೆಂಗಳೂರಿನ ಭಾವನಿಗೆ ಇದು ಕಷ್ಟವೇ ಅಲ್ಲ. ಹಾಡು ಕೇಳಲೆಂದೇ ಅವರ ಮನೆಯಲ್ಲಿ ಒಂದು ಕೋಣೆ ಇದೆ. ಗೋಡೆಗೆ ಸ್ಪಂಜು, ನೆಲಕ್ಕೆ ಜಮಖಾನ, ನಡುವೆ ಒಂದೇ ಕುರ್ಚಿ. ಫೋನ್ ಮಾಡಿದಾಗೆಲ್ಲ ಅವರು ನನಗೆ ಅಂಕಿಗಳನ್ನು ಹೇಳುತ್ತಾರೆ. ಸಿ.ಡಿ. ಅಂದರೆ ಸೆಕೆಂಡಿಗೆ 44,100 ಸಲ ಅಳತೆ, ಪ್ರತಿ ಅಳತೆಗೆ 16 ಬಿಟ್, ಎಡ ಬಲ ಸೇರಿ ಸೆಕೆಂಡಿಗೆ 1,411 ಕಿಲೋಬಿಟ್. ಒಳ್ಳೆಯ ಎಂಪಿ3 ಅದನ್ನು 320ಕ್ಕೆ ಇಳಿಸುತ್ತದೆ. ಕಿವಿಗೆ ಬೇಡ ಅನಿಸಿದ್ದನ್ನು ಬಿಟ್ಟು ಉಳಿದದ್ದನ್ನು ಇಡುತ್ತದೆ. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ಫೈಲ್ ಏನನ್ನೂ ಬಿಡುವುದಿಲ್ಲ, ಮಡಿಸಿ ಇಡುತ್ತದೆ ಅಷ್ಟೇ. ಭಾವ ಕೇಳುವುದು ಇದಕ್ಕೂ ಮೇಲಿನದು, ಹೈ-ರೆಸ್ ಎನ್ನುವುದು. 24 ಬಿಟ್, 192 ಕಿಲೋಹರ್ಟ್ಸ್. ಅಂದರೆ ಸೆಕೆಂಡಿಗೆ 9,216 ಕಿಲೋಬಿಟ್. 2021ರಲ್ಲಿ ಆಪಲ್ ಮ್ಯೂಸಿಕ್ ಇದನ್ನೆಲ್ಲ ಹೆಚ್ಚಿನ ದುಡ್ಡಿಲ್ಲದೆ ಕೊಡಲು ಶುರು ಮಾಡಿದ ಮೇಲೆ ಅವರ ಫೋನು ಇನ್ನೂ ಜಾಸ್ತಿಯಾಯಿತು.

ಸಂಕ್ರಾಂತಿಗೆ ಅವರು ಊರಿಗೆ ಬಂದಾಗ ಒಂದು ಪರೀಕ್ಷೆ ಇಟ್ಟೆವು. ಮಳೆ ಇಲ್ಲ, ಜೀರುಂಡೆ ಇಲ್ಲ, ಹೇಳಿ ಮಾಡಿಸಿದ ರಾತ್ರಿ. ಅವರು ಗೋಡೆಯ ಕಡೆ ಮುಖ ಮಾಡಿ ಕೂತರು. ಅತ್ತಿಗೆ ಹಿಂದಿನಿಂದ ಒಮ್ಮೆ 320, ಒಮ್ಮೆ ಹೈ-ರೆಸ್ ಹಾಕುತ್ತಾ ಹೋದರು. ಭಾವ ಪ್ರತಿ ಸಲ ಸ್ವಲ್ಪ ಜೋರಾಗಿದ್ದುದನ್ನೇ ಆರಿಸಿದರು. ಇದು ಎಲ್ಲರಿಗೂ ಆಗುವ ಸಂಗತಿ. ಎರಡು ಸಿಸ್ಟಮ್‌ಗಳಲ್ಲಿ ಕೂದಲೆಳೆಯಷ್ಟು ಜೋರಿರುವುದು ಕಿವಿಗೆ ಚೆಂದ ಅನಿಸುತ್ತದೆ, ಜೋರು ಅನಿಸುವುದಿಲ್ಲ. ಅದಕ್ಕೇ ಹೋಲಿಸುವ ಮೊದಲು ಎರಡರ ವಾಲ್ಯೂಮ್ ಸಮ ಮಾಡಬೇಕು. ಸಮ ಮಾಡಿದ ಮೇಲೆ ಭಾವನಿಗೆ ಕಿವಿಯಲ್ಲಿ ಶೀತ ಶುರುವಾಯಿತು. ಘಾಟಿಯ ಗಾಳಿ ಎಂದರು.

ಭಾವನ ಅಂಕಿಗಳ ಮೇಲೆ ನನಗೆ ತಕರಾರಿಲ್ಲ. ಅವು ಅವರ ಕೋಣೆಯ ಅಂಕಿಗಳು. ನಮ್ಮ ಮನೆಗೆ ಬೇರೆ ಅಳತೆಗೋಲು ಬೇಕು. ಅದರಲ್ಲಿ ಮೊದಲನೆಯದು ಇದು: ಗುಡುಗು ಬಂದಾಗ ಎಷ್ಟು ಪ್ಲಗ್ ಕೀಳಬೇಕು?

ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ನಾಲ್ಕಕ್ಕೆ ಗುಡ್ಡದ ಹಿಂದೆ ಒಂದು ಸಲ ಗುಡುಗಿದರೆ ಸಾಕು, ಅಪ್ಪಯ್ಯ ಕೂತಲ್ಲಿಂದಲೇ "ಪ್ಲಗ್ ತೆಗೀರೋ" ಎಂದು ಕೂಗುತ್ತಾರೆ. ತಾಮ್ರದ ಟೆಲಿಫೋನ್ ತಂತಿಯ ಕಾಲದ ಭಯ ಅದು. ಆಗ ಎಲ್ಲೋ ಬಡಿದ ಸಿಡಿಲು ತಂತಿ ಹಿಡಿದು ಬಂದು ಮೋಡೆಮ್ಮನ್ನು ಸುಟ್ಟು ಹೋಗುತ್ತಿತ್ತು. ಫೈಬರ್ ಒಳಗಿರುವುದು ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ ಎಂದು ನಾನು ವಿವರಿಸಿದ್ದೇನೆ. ಅಪ್ಪಯ್ಯ ಒಪ್ಪುವುದಿಲ್ಲ. ಒಪ್ಪದೇ ಇರುವುದಕ್ಕೆ ಕಾರಣವೂ ಇದೆ. ಕಂಬದಿಂದ ಕಂಬಕ್ಕೆ ಎಳೆದು ಕಟ್ಟುವ ಕೆಲವು ಕೇಬಲ್‌ಗಳಲ್ಲಿ ಉಕ್ಕಿನ ತಂತಿ ಸೇರಿಸಿರುತ್ತಾರೆ. ಅಲ್ಲದೆ ಮನೆಯೊಳಗೆ ಫೈಬರ್ ಬಂದು ಸೇರುವ ಪೆಟ್ಟಿಗೆಗೆ ಕರೆಂಟ್ ಬರುವುದು ಅದೇ ಹಳೆಯ ಲೈನಿನಲ್ಲಿ.

ಈ ಅಳತೆಯಲ್ಲಿ ಬ್ಲೂಟೂತ್ ಸ್ಪೀಕರ್‌ಗೆ ಪೂರ್ತಿ ಅಂಕ. ಒಂದೂ ಪ್ಲಗ್ ಇಲ್ಲ, ಬ್ಯಾಟರಿ. ವೈಫೈ ಸ್ಪೀಕರ್ ಆದರೆ ಫೈಬರ್ ಪೆಟ್ಟಿಗೆ, ರೌಟರ್, ಸ್ಪೀಕರ್. ಭಾವನ ಹಾಗೆ ಸರ್ವರ್, ಅಂಕಿಗಳನ್ನು ಸದ್ದಾಗಿಸುವ ಡ್ಯಾಕ್, ಆಂಪ್ಲಿಫೈಯರ್ ಎಲ್ಲ ಬಿಡಿಬಿಡಿಯಾಗಿ ಇಟ್ಟುಕೊಂಡರೆ, ಪ್ಲಗ್ ಕಿತ್ತು ಮುಗಿಯುವುದರೊಳಗೆ ಮಳೆ ಬಂದು ಹೋಗಿರುತ್ತದೆ. ಇನ್ನು ಹಾಕುವುದು. ಫೈಬರ್ ಪೆಟ್ಟಿಗೆ ಏಳಬೇಕು, ಅದರ ಹಿಂದೆ ರೌಟರ್ ಏಳಬೇಕು, ರೌಟರ್ ಎದ್ದ ಮೇಲೆ ಸ್ಪೀಕರ್ ತನ್ನ ವೈಫೈ ಹುಡುಕಿಕೊಳ್ಳಬೇಕು. ಕರೆಂಟ್ ಬಂದು ಹಾಡು ಬರುವುದರೊಳಗೆ ಮತ್ತೆ ಕರೆಂಟ್ ಹೋಗುತ್ತದೆ.

ಹಾಗಾದರೆ ಬ್ಲೂಟೂತ್ ಸಾಕಲ್ವಾ? ಸಾಕಾಗುತ್ತಿತ್ತು, ಗೋಡೆ ಇಲ್ಲದಿದ್ದರೆ. ಅಜ್ಜನ ಕಾಲದ ಮಣ್ಣಿನ ಗೋಡೆ ಮೊಳದ ಲೆಕ್ಕದಲ್ಲಿದೆ. ಫೋನು ಜಗಲಿಯಲ್ಲಿ, ಸ್ಪೀಕರ್ ಅಡುಗೆಮನೆಯಲ್ಲಿ ಇದ್ದರೆ ಹಾಡು ತುಂಡು ತುಂಡಾಗಿ ಬರುತ್ತದೆ. ಇನ್ನೊಂದು ತೊಂದರೆ ಎಂದರೆ ಬ್ಲೂಟೂತ್‌ನಲ್ಲಿ ಹಾಡು ಹರಿಯುವುದು ಫೋನಿನ ಮೂಲಕ. ಅಣ್ಣನಿಗೆ ಮಂಡಿಯಿಂದ ರೇಟು ಹೇಳಲು ಫೋನ್ ಬಂದರೆ ಹಾಡು ನಿಲ್ಲುತ್ತದೆ. ಅಣ್ಣ ಫೋನ್ ಜೇಬಿಗಿಟ್ಟು ತೋಟಕ್ಕೆ ಇಳಿದರೆ ಹಾಡೂ ತೋಟಕ್ಕೆ ಇಳಿಯುತ್ತದೆ.

ಕ್ಯಾಸ್ಟ್ ಮಾಡುವುದು ಬೇರೆ. ಅಲ್ಲಿ ಫೋನು ಬರೀ ಚೀಟಿ ಕೊಡುವುದು. ಯಾವ ಹಾಡು ಎಂದು ಹೇಳಿ ಸುಮ್ಮನಾಗುತ್ತದೆ. ಹಾಡನ್ನು ಇಂಟರ್‌ನೆಟ್ಟಿನಿಂದ ಎಳೆದುಕೊಳ್ಳುವುದು ಸ್ಪೀಕರೇ. ಅಣ್ಣ ಎಲ್ಲಿ ಬೇಕಾದರೂ ಹೋಗಲಿ. 2015ರಲ್ಲಿ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಒಂದು ಪುಟ್ಟ ಬಿಲ್ಲೆ ಬಂದಿತ್ತು. ಹಳೆಯ ಆಂಪ್ಲಿಫೈಯರ್‌ಗೆ ಸಿಕ್ಕಿಸಿದರೆ ಅದೂ ಹೊಸದಾಗುತ್ತಿತ್ತು. 2019ಕ್ಕೆ ಅದರ ತಯಾರಿಕೆ ನಿಂತಿತು. ಒಳ್ಳೆಯ ವಸ್ತುಗಳ ಹಣೆಬರಹವೇ ಹೀಗೆ. ಕ್ಯಾಸ್ಟ್‌ಗೆ ವೈಫೈ ಬೇಕು, ವೈಫೈಗೂ ಅದೇ ಗೋಡೆ. 5 ಗಿಗಾಹರ್ಟ್ಸ್‌ನದು ವೇಗ ಜಾಸ್ತಿ, ಆದರೆ ಗೋಡೆ ಕಂಡರೆ ಬೇಗ ಸೋಲುತ್ತದೆ. 2.4ರದು ನಿಧಾನ, ಆದರೂ ಒಂದು ಗೋಡೆ ದಾಟುತ್ತದೆ. ಹಾಡಿಗೆ ನಿಧಾನದ್ದೇ ಸಾಕು. ಕೊನೆಗೆ ಅಟ್ಟದ ಮೇಲಿಂದ ಲ್ಯಾನ್ ಕೇಬಲ್ ಎಳೆಸಿದೆವು. ಪೈಪಿನೊಳಗೆ ಎಳೆಸಿದೆವು ಎಂದು ಹೇಳಬೇಕಾಗಿಲ್ಲ. ಅಟ್ಟದ ಇಲಿಗಳ ವಿಷಯ ಮಲೆನಾಡಿನವರಿಗೆ ಗೊತ್ತು.

ಇಷ್ಟೆಲ್ಲ ಆದ ಮೇಲೆ ನಿಜವಾದ ಪರೀಕ್ಷೆ ಬಂದದ್ದು ಕೊಯ್ಲಿನಲ್ಲಿ. ನಮ್ಮ ಮನೆಯಲ್ಲಿ ಹಾಡು ಅತಿ ಹೆಚ್ಚು ಬೇಕಾಗುವುದು ಅಡಿಕೆ ಸುಲಿಯುವ ರಾತ್ರಿಗಳಲ್ಲಿ. ಸುಲಿಯುವ ಯಂತ್ರಗಳು ಎಲ್ಲ ಕಡೆ ಬಂದಿವೆ. ಆದರೂ ನಮ್ಮಲ್ಲಿ ಇನ್ನೂ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುವವರಿದ್ದಾರೆ. ಊಟ ಮುಗಿಸಿ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ತಿಳಿಯದ ಹಾಗೆ ಹಾಡು ಇರಬೇಕು. ಇಷ್ಟು ಮುಖ್ಯವಾದ ಕೇಳುಗರ ಬಗ್ಗೆ ಯಾವ ಕಂಪನಿಯೂ ಯೋಚಿಸಿದ ಹಾಗಿಲ್ಲ. ಹಸಿ ಅಡಿಕೆಯ ಚೊಗರು ಹತ್ತಿ ಎಲ್ಲರ ಕೈ ಅಂಟು, ಕಪ್ಪು. ಆ ಕೈಯಲ್ಲಿ ಟಚ್ ಸ್ಕ್ರೀನ್ ಮುಟ್ಟಿದರೆ ಫೋನ್ ಮಾತು ಕೇಳುವುದಿಲ್ಲ. ಕೇಳಿದರೂ ಫೋನಿನವರು ಸುಮ್ಮನಿರುವುದಿಲ್ಲ.

ಮಾತಾಡುವ ಸ್ಪೀಕರ್ ತಂದರೆ ಕೈಯೇ ಬೇಡ ಎಂದು ಅಣ್ಣ ಒಂದನ್ನು ತಂದ. ಅದಕ್ಕೆ ಕನ್ನಡ ಬಾರದು. ಸುಲಿಯುವವರಲ್ಲಿ ಹಿರಿಯರಾದ ಒಬ್ಬರು ಅದನ್ನು "ತಂಗಿ" ಎಂದೇ ಕರೆದು, ಒಂದು ಯಕ್ಷಗಾನ ಹಾಕು ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಅದು ಮುಂಬೈಯ ಹವಾಮಾನ ಹೇಳಿತು. ಅವರು ಬಿಡಲಿಲ್ಲ. "ಅದೆಂತಕ್ಕೆ ಮಾರಾಯ್ತಿ, ನಾವು ಕೇಳಿದ್ದು ಹೇಳು" ಎಂದರು. ಅದು ಕ್ಷಮೆ ಕೇಳಿತು. ಅವತ್ತು ಹಾಡಿಗಿಂತ ಅದೇ ಜಾಸ್ತಿ ಹೊತ್ತು ಕಳೆಯಿತು. ಈ ಒಂದು ವಿಷಯದಲ್ಲಿ ಅದಕ್ಕೂ ಪೂರ್ತಿ ಅಂಕ ಕೊಡಬಹುದು.

ಯಕ್ಷಗಾನದ ಮಾತು ಬಂತಲ್ಲ. ಸ್ಟ್ರೀಮಿಂಗ್ ಆ್ಯಪ್‌ಗಳನ್ನು ಮಾಡಿದವರ ತಲೆಯಲ್ಲಿ ಹಾಡು ಅಂದರೆ ನಾಲ್ಕು ನಿಮಿಷ. ಒಂದು ಪ್ರಸಂಗವನ್ನು ಅವರು ತುಂಡು ಮಾಡಿ ಪಟ್ಟಿ ಮಾಡುತ್ತಾರೆ. ದುಡ್ಡು ಕೊಡದೆ ಕೇಳುವವರಿಗೆ ಕೆಲವರು ಆ ತುಂಡುಗಳನ್ನೇ ಹಿಂದೆ ಮುಂದೆ ಮಾಡಿ ಹಾಕುತ್ತಾರೆ. ಕೀಚಕ ಸತ್ತ ಮೇಲೆ ಅವನ ಒಡ್ಡೋಲಗ. ದುಡ್ಡು ಕೊಟ್ಟರೆ ಕ್ರಮವಾಗಿ ಬರುತ್ತದೆ, ಆದರೆ ತುಂಡು ತುಂಡಿನ ನಡುವೆ ಕೆಲವು ಕಡೆ ಚಿಕ್ಕ ಮೌನ. ಚೆಂಡೆ ಏರುತ್ತಿರುವಾಗ ಆ ಮೌನ ಬಂದರೆ ಸುಲಿಯುವ ಕೈಗಳೂ ಒಂದು ಕ್ಷಣ ನಿಲ್ಲುತ್ತವೆ. ಪ್ರಸಂಗ ಮುಗಿದ ಕೂಡಲೇ ಆ್ಯಪ್ ತನಗೆ ತೋಚಿದ್ದನ್ನು ಹಾಕುತ್ತದೆ. ಮಂಗಳ ಪದ ಆದ ಮೇಲೆ ನೇರ ಡಿ.ಜೆ.

ಹುಡುಕುವುದೂ ಒಂದು ಕೆಲಸವೇ. ನಮ್ಮ ಶಿವಮೊಗ್ಗ ಸುಬ್ಬಣ್ಣ ಅವರನ್ನೇ ನೋಡಿ. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದವರು, ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗರು. ಆ್ಯಪ್‌ಗಳಲ್ಲಿ ಅವರು ಒಂದು ಕಡೆ ಶಿಮೊಗಾ ಸುಬ್ಬಣ್ಣ, ಇನ್ನೊಂದು ಕಡೆ ಶಿವಮೊಗ್ಗ ಸುಬ್ಬಣ್ಣ. 2014ರ ನವೆಂಬರ್ 1ರಂದು ಸರ್ಕಾರ ಊರಿನ ಹೆಸರು ಸರಿ ಮಾಡಿತು. ಹಳೆಯ ಆಲ್ಬಂಗಳಿಗೆ ಆ ಆದೇಶ ತಲುಪಿಲ್ಲ. ಕಂಪ್ಯೂಟರ್ ಲೆಕ್ಕದಲ್ಲಿ ಇವರಿಬ್ಬರೂ ಬೇರೆ ಬೇರೆ. ಒಬ್ಬರನ್ನು ಇಷ್ಟಪಟ್ಟರೆ ಇನ್ನೊಬ್ಬರ ಹಾಡು ಮುಂದೆ ಬರುವುದಿಲ್ಲ. ಇನ್ನು ಭಾವಗೀತೆ ಬರೆದ ಕವಿಯ ಹೆಸರಂತೂ ಎಷ್ಟೋ ಕಡೆ ಇರುವುದೇ ಇಲ್ಲ. ಭಾವ 9,216 ಕಿಲೋಬಿಟ್ ಬಗ್ಗೆ ಮಾತಾಡುವಾಗ ನನಗೆ ಈ ಕೆಲವೇ ಅಕ್ಷರಗಳ ಚಿಂತೆ.

ಹೀಗಾಗಿ ನಮ್ಮ ಹಾಡುಗಳನ್ನು ನಾವೇ ಇಟ್ಟುಕೊಳ್ಳೋಣ ಎಂದಾಯಿತು. ಮನೆಯಲ್ಲಿ ಒಂದು ಟ್ರಂಕು ತುಂಬ ಕ್ಯಾಸೆಟ್ ಇದ್ದವು. ಕಾಳಿಂಗ ನಾವಡರ ಭಾಗವತಿಕೆಯವೇ ಹೆಚ್ಚು. ಮಲೆನಾಡಿನ ತೇವಕ್ಕೆ ಟೇಪಿನ ಅಂಚಿಗೆಲ್ಲ ಬೆಳ್ಳಗೆ ಬೂಷ್ಟು ಹಿಡಿದಿತ್ತು. ಬಿಸಿಲಿಗೆ ಇಡುವ ಹಾಗಿಲ್ಲ, ಸುರುಟಿಕೊಳ್ಳುತ್ತದೆ. ನೆರಳಲ್ಲಿ ಇಟ್ಟು, ಮೆಲ್ಲಗೆ ಒರೆಸಿ, ಹಿಂದೆ ಮುಂದೆ ಓಡಿಸಿ, ಹೆಡ್ಡನ್ನು ಮತ್ತೆ ಮತ್ತೆ ಸ್ಪಿರಿಟ್‌ನಲ್ಲಿ ಒರೆಸುತ್ತಾ ಕಂಪ್ಯೂಟರ್‌ಗೆ ಇಳಿಸಿದೆವು. ಇದರಲ್ಲಿ ಅವಸರ ನಡೆಯುವುದಿಲ್ಲ. 90 ನಿಮಿಷದ ಕ್ಯಾಸೆಟ್ ಇಳಿಸಲು 90 ನಿಮಿಷವೇ ಬೇಕು. ಅಮ್ಮನಿಗೆ ಈ ಕೆಲಸ ಹಿಡಿಸಿತು. ಕೇಳಿದ ಹಾಗೂ ಆಯಿತು, ಕೆಲಸವೂ ಆಯಿತು. ಕ್ಯಾಸೆಟ್‌ನ ಶಬ್ದಕ್ಕೆ ಫ್ಲ್ಯಾಕ್ ಯಾಕೆ ಎಂದು ಭಾವ ನಕ್ಕರು. ಇದ್ದದ್ದೇ ಕಡಿಮೆ ಇರುವಾಗ ಅದರಲ್ಲೂ ಕಳೆದುಕೊಳ್ಳುವುದು ಯಾಕೆ ಎಂದು ನಾನು ಕೇಳಿದೆ.

ಇವನ್ನೆಲ್ಲ ಇಡಲು ರಾಸ್ಪ್‌ಬೆರಿ ಪೈ ಎಂಬ ಅಂಗೈಗಿಂತ ಚಿಕ್ಕ ಕಂಪ್ಯೂಟರ್ ಇದೆ. ಹಾಡು ಹಾಕಲು ಲಿರಿಯಾನ್ ಎಂಬ ಸಾಫ್ಟ್‌ವೇರ್. ಇದರ ಕತೆ ಚೆನ್ನಾಗಿದೆ. ಇದು ಸ್ಕ್ವೀಝ್‌ಬಾಕ್ಸ್ ಎಂಬ ಪ್ಲೇಯರ್‌ಗಳ ಜೊತೆ ಬೆಳೆದದ್ದು. 2012ರಲ್ಲಿ ಲಾಜಿಟೆಕ್ ಆ ಪ್ಲೇಯರ್‌ಗಳನ್ನು ಕೈಬಿಟ್ಟಿತು. ಬಳಸುತ್ತಿದ್ದವರು ಬಿಡಲಿಲ್ಲ. ಸಾಫ್ಟ್‌ವೇರ್ ಎಲ್ಲರಿಗೂ ತೆರೆದಿದ್ದರಿಂದ ತಾವೇ ರಿಪೇರಿ ಮಾಡಿಕೊಂಡು ಇವತ್ತಿಗೂ ನಡೆಸುತ್ತಿದ್ದಾರೆ. ಪೈಯನ್ನು ನಡೆಸಲು ಹಾಕಿದ್ದು ಪೈಕೋರ್‌ಪ್ಲೇಯರ್ ಎಂಬ ಆಪರೇಟಿಂಗ್ ಸಿಸ್ಟಮ್. ಅದು ಶುರುವಾಗುವಾಗಲೇ ಪೂರ್ತಿಯಾಗಿ ರ್‍ಯಾಮ್‌ಗೆ ಹತ್ತಿ ಕೂರುತ್ತದೆ. ಹಾಗಾಗಿ ಕರೆಂಟ್ ಪಟ್ಟನೆ ಹೋದರೂ ಮೆಮೊರಿ ಕಾರ್ಡ್ ಕೆಡುವ ಭಯ ಕಡಿಮೆ. ಮಾಡಿದವರು ಮಲೆನಾಡಿನವರಲ್ಲ, ಆದರೂ ನಮ್ಮ ಲೈನ್‌ಮ್ಯಾನ್ ಪರಿಚಯ ಇದ್ದವರ ಹಾಗೆ ಮಾಡಿದ್ದಾರೆ. ಇಂಟರ್‌ನೆಟ್ ಹೋದರೂ ನಾವಡರು ಹಾಡುತ್ತಾರೆ. ಇನ್ವರ್ಟರ್‌ಗೆ ಇದೊಂದು ಭಾರವೇ ಅಲ್ಲ.

ಆದರೆ ಅಂಟು ಕೈಗಳ ಪ್ರಶ್ನೆ ಉಳಿದೇ ಇತ್ತು. ಅದಕ್ಕೆ ಪೈಗೆ ತಿರುಗಿಸುವ ಎರಡು ಗುಬ್ಬಿ ಜೋಡಿಸಿದೆವು. ವಾಲ್ಯೂಮ್‌ಗೆ ಒಂದು, ಹಾಡು ಬದಲಿಸಲು ಒಂದು. ಚೊಗರು ಹತ್ತಿದರೆ ಒರೆಸಿದರಾಯಿತು. ಎರಡನೆಯ ಗುಬ್ಬಿಗೆ ನಾಲ್ಕು ಜಾಗ. ಮೊದಲನೆಯದು ಯಕ್ಷಗಾನ, ತುಂಡು ಮಾಡದ್ದು. ಎರಡನೆಯದು ಭಾವಗೀತೆ, ಅಲ್ಲಿ ಸುಬ್ಬಣ್ಣ ಒಬ್ಬರೇ. ಮೂರನೆಯದು ಆಕಾಶವಾಣಿ ಭದ್ರಾವತಿ. 675 ಕಿಲೋಹರ್ಟ್ಸ್‌ನಲ್ಲಿ ಮುಳ್ಳು ಹುಡುಕುತ್ತಾ ಬೆಳೆದವರು ನಾವು. ಅದು ಈಗ ಇಂಟರ್‌ನೆಟ್ಟಿನಲ್ಲಿ ಕರಕರ ಇಲ್ಲದೆ ಬರುತ್ತದೆ. ರೇಡಿಯೋಕ್ಕಿಂತ ಸ್ವಲ್ಪ ತಡವಾಗಿ ಬರುತ್ತದೆ ಅಷ್ಟೇ. ಇದರ ಸಮಯ ನೋಡಿ ಅಪ್ಪಯ್ಯ ಗಡಿಯಾರ ಸರಿ ಮಾಡುವುದಿಲ್ಲ.

ನಾಲ್ಕನೆಯ ಜಾಗ ಖಾಲಿ ಇದೆ. ಭಾವ ತಮ್ಮ ಹೈ-ರೆಸ್ ಹಾಕಿಸಬೇಕು ಎನ್ನುತ್ತಾರೆ. ಅಣ್ಣನ ಮಗಳು ಡಿ.ಜೆ. ಕೇಳಿದ್ದಾಳೆ. ಸುಲಿಯುವವರು ಸಭೆ ಸೇರಿ ಅವಳ ಪರ ನಿಂತಿದ್ದಾರೆ, ರಾತ್ರಿ ಹನ್ನೊಂದರ ಮೇಲೆ ನಿದ್ದೆ ಬರುವ ಹೊತ್ತಿಗೆ ಅದೇ ಬೇಕಂತೆ.